ಅಮ್ಮನ ಕಾಲು ನಡೆದ ಕಾಲೇಜು

ನಮ್ಮೂರಿನಲ್ಲಿ ಮಕ್ಕಳಿಗೆ ಕಾಲೇಜು ನಿಶ್ಚಯ ಮಾಡುವುದು ಬಾಯಿಮಾತಿನಲ್ಲಿ ಮುಗಿಯುವ ಕೆಲಸವಲ್ಲ. ಯಾರು ನಿಶ್ಚಯ ಮಾಡುತ್ತಾರೋ ಅವರ ಕಾಲೂ ತಾನಾಗಿಯೇ ಆ ಕಾಲೇಜಿಗೆ ನಡೆಯುತ್ತದೆ. ಜೂನ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟಿತೆಂದರೆ, ಭಾನುವಾರ ಮತ್ತು ರಜೆ ಬಿಟ್ಟು ದಿನಾ ಹೊರಡುತ್ತದೆ, ಓದು ಮುಗಿಯುವ ತನಕ. ಮಗಳು ತಾನೇ ನಿಶ್ಚಯಿಸಿಕೊಂಡರೆ ಮಗಳೊಬ್ಬಳೇ ಹೋಗುತ್ತಾಳೆ. ಅಪ್ಪ ಹಟ ಹಿಡಿದು ಎಂಜಿನಿಯರಿಂಗೇ ಆಗಬೇಕು ಎಂದರೆ ಅಪ್ಪನೂ ಮಗನ ಹಿಂದೆ ಹೋಗಿ ಡ್ರಾಯಿಂಗ್ ಹಾಳೆಯ ಮುಂದೆ ಕೂರಬೇಕು. ಬೇರೆಯವರ ಕೈಯಿಂದ ಫಾರಂ ತುಂಬಿಸಿ ತಪ್ಪಿಸಿಕೊಳ್ಳೋಣ ಎಂದು ನೋಡಿದವರಿದ್ದಾರೆ. ಆದರೆ ಮನೆಯಲ್ಲಿ ಮಾತು ಯಾರದು ನಡೆಯಿತು ಎಂಬುದು ಕಾಲಿಗೆ ಗೊತ್ತಾಗಿಬಿಡುತ್ತದೆ.

ಹೀಗೆ ಕಾಲು ಎಳೆದುಕೊಂಡು ಬಂದವರನ್ನು ಊರಿನಲ್ಲಿ 'ಕಾಲು ತಂದವರು' ಎನ್ನುತ್ತಾರೆ. ಎಲ್ಲ ಕಾಲೇಜುಗಳಲ್ಲೂ ಹಿಂದಿನ ಎರಡು ಬೆಂಚು ಅವರಿಗೇ ಮೀಸಲು. ಅಲ್ಲಿ ಹೋಟೆಲಿನ ಯಜಮಾನರು ಪೇಪರ್ ಓದುತ್ತಾರೆ, ಅತ್ತೆಯಂದಿರು ಅವರೆಕಾಯಿ ಸುಲಿಯುತ್ತಾರೆ, ಉಳಿದವರು ನಿದ್ದೆ ಹೋಗುತ್ತಾರೆ. ಮನಸ್ಸಿದ್ದರೆ ಅವರೂ ಪರೀಕ್ಷೆ ಬರೆಯಬಹುದು, ಹಿಂದಿನ ಅಂಕಪಟ್ಟಿ ತೋರಿಸಿ ಎಂದು ಯಾರೂ ಕೇಳುವ ಹಾಗಿಲ್ಲ. ಆದರೆ ಹಾಗೆ ಬರೆದವರನ್ನು ನಮ್ಮೂರು ಕಂಡಿರಲಿಲ್ಲ.

ಇದರಿಂದಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬುದ್ಧಿ ಹೇಳುವವರು ಸಿಗುವುದಿಲ್ಲ. 'ಮುಂದೇನಮ್ಮ ಓದೋದು?' ಎಂದು ಅಭ್ಯಾಸಬಲದಿಂದ ಕೇಳಿದವರು ಕೂಡ, ಉತ್ತರ ಬರುವ ಮೊದಲೇ ಈ ಸಲದ ಮಾವಿನಕಾಯಿಯ ಮಾತು ತೆಗೆದು ಜಾರಿಕೊಳ್ಳುತ್ತಾರೆ.

ನಾನು ಪಿಯುಸಿ ಮುಗಿಸಿದ ವರ್ಷ ನಮ್ಮ ಮನೆಯ ಸ್ಥಿತಿಯೂ ಅದೇ. ನನಗೆ ಏನು ಬೇಕೆಂದು ನನಗೇ ಗೊತ್ತಿರಲಿಲ್ಲ. ಗೆಳತಿಯರು ಹೋಗುವ ಕಡೆ ಹೋಗೋಣವೆಂದರೆ ಅವರೂ ನಾನು ಎಲ್ಲಿಗೆ ಹೋಗುತ್ತೇನೆಂದು ಕಾಯುತ್ತ ಕೂತಿದ್ದರು. ಅಪ್ಪ ಊರಿಗೆ ನಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು. ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಒಂದೊಂದೇ ಬೀದಿಯ ವಾಲ್ವು ತಿರುಗಿಸುತ್ತ ಸೈಕಲ್ಲಿನಲ್ಲಿ ಸುತ್ತುವ ಮನುಷ್ಯ. ತಮ್ಮ ಕಾಲು ಕಾಲೇಜಿಗೆ ಹೋದರೆ ಊರು ಬಾಯಾರಿ ಸಾಯುತ್ತದೆ ಎಂದು ಹೇಳಿ ಅವರು ಕೈ ತೊಳೆದುಕೊಂಡರು. ಪಕ್ಕದ ಮನೆಯಲ್ಲೇ ಇದ್ದ ದೊಡ್ಡಪ್ಪ ರುದ್ರಮುನಿಗೆ ಬಟ್ಟೆ ಅಂಗಡಿಯಿತ್ತು. ಅವರು ತಮ್ಮ ಮಗನಿಗೆ ಬಿ.ಕಾಂ. ಎಂದು ಒಂದು ಕಾಲದಲ್ಲಿ ಮೇಜು ಕುಟ್ಟಿ ಹೇಳಿ, ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬಂದವರು. ಆ ಮೇಲೆ ಜಾಣರಾಗಿದ್ದರು. ದಿನಾ ಸಂಜೆ ಬಂದು, 'ನಾನೇನೂ ಹೇಳ್ತಾ ಇಲ್ಲಪ್ಪ, ಸುಮ್ನೆ ತಿಳಿಸ್ತಾ ಇದೀನಿ' ಎಂಬ ಮುನ್ನುಡಿಯೊಂದಿಗೆ ಬಸ್ ಸ್ಟ್ಯಾಂಡಿನ ಎದುರಿಗೆ ಹೊಸದಾಗಿ ಎದ್ದಿದ್ದ ಗಾಜಿನ ಕಾಲೇಜನ್ನು ಹೊಗಳಿ ಹೋಗುತ್ತಿದ್ದರು. ನಿಶ್ಚಯವನ್ನು ಅಪ್ಪನ ತಲೆಗೆ ಕಟ್ಟುವುದು ಅವರ ಲೆಕ್ಕಾಚಾರ. ಫಾರಂ ಕೊಡಲು ಇನ್ನೊಂದೇ ವಾರ ಉಳಿದಿತ್ತು.

ನನ್ನ ಅಮ್ಮ ಸರ್ವಮಂಗಳ ಈ ಯಾವ ಮಾತಿಗೂ ಸೇರುತ್ತಿರಲಿಲ್ಲ. ಹತ್ತನೇ ಕ್ಲಾಸು ಮುಗಿದ ತಿಂಗಳೇ ಮದುವೆಯಾಗಿ ಬಂದವಳು. ಮನೆಗೆ ಅಂಟಿಕೊಂಡಿದ್ದ ಹಿಟ್ಟಿನ ಗಿರಣಿ ಅವಳದೇ ಜವಾಬ್ದಾರಿ. ಗಿರಣಿಯ ಕಲ್ಲು ಸವೆದರೆ ಬೇರೆ ಊರಿನಿಂದ ಜನ ಕರೆಸಬೇಕಿತ್ತು. ಅದರ ಬದಲು ಅವಳೇ ಉಳಿ, ಸುತ್ತಿಗೆ ಹಿಡಿದು ಕಲ್ಲಿಗೆ ಹೊಸದಾಗಿ ಗೀರು ಹೊಡೆಯುವುದನ್ನು ಕಲಿತಿದ್ದಳು. ಗೋಧಿ ಬೀಸುವ ಕಲ್ಲನ್ನೂ ರಾಗಿ ಬೀಸುವ ಕಲ್ಲನ್ನೂ ಬೆರಳಿನ ಗೆಣ್ಣಿನಿಂದ ಕುಟ್ಟಿ ಶಬ್ದ ಕೇಳಿ, ಇದಿನ್ನು ಎಷ್ಟು ತಿಂಗಳು ಬಾಳುತ್ತದೆ ಎಂದು ಹೇಳಬಲ್ಲಳು.

ಸೋಮವಾರ ಅವಳು ಗಿರಣಿಗೆ ಬೀಗ ಹಾಕಿದಳು. ನನ್ನ ನೆನಪಿನಲ್ಲಿ ಹಬ್ಬವಲ್ಲದ ದಿನ ಆ ಬಾಗಿಲು ಮುಚ್ಚಿದ್ದು ಅದೇ ಮೊದಲು. 'ಬಾ, ನೋಡ್ಕೊಂಡು ಬರೋಣ' ಎಂದಳು.

ಗಾಜಿನ ಕಾಲೇಜಿನಲ್ಲಿ ನಮಗೆ ಕಿತ್ತಳೆ ಹಣ್ಣಿನ ರಸ ಕೊಟ್ಟರು, ಬಣ್ಣದ ಪುಸ್ತಕ ಕೊಟ್ಟರು. ಟೈ ಕಟ್ಟಿಕೊಂಡ ಒಬ್ಬ ಹುಡುಗಿ ನಗುನಗುತ್ತ ಕಟ್ಟಡ ತೋರಿಸಿದಳು. ಅಮ್ಮ ಪ್ರಯೋಗಶಾಲೆ ನೋಡಬೇಕು ಎಂದಳು. ಅದರ ಬೀಗದ ಕೈ ಯಾರ ಹತ್ತಿರವೋ ಇತ್ತು, ಅವರು ರಜೆಯಲ್ಲಿದ್ದರು. ಹೋದ ವರ್ಷ ಪಾಠ ಮಾಡಿದವರಲ್ಲಿ ಈ ವರ್ಷವೂ ಇರುವವರು ಎಷ್ಟು ಜನ ಎಂದು ಕೇಳಿದಳು. ಹುಡುಗಿಯ ನಗು ಸ್ವಲ್ಪ ಕಡಿಮೆಯಾಯಿತು. ಮಾರನೆಯ ದಿನ ಕೆರೆಯ ಏರಿಯ ಹೆಣ್ಣುಮಕ್ಕಳ ಕಾಲೇಜಿಗೆ ಹೋದೆವು. ಅಲ್ಲಿ ಪಾಠ ಚೆನ್ನಾಗಿತ್ತು, ನೆರಳು ಚೆನ್ನಾಗಿತ್ತು. ಆದರೆ ಪುಸ್ತಕಗಳೆಲ್ಲ ಬೀಗ ಹಾಕಿದ ಬೀರುಗಳಲ್ಲಿದ್ದವು, ಹೆಸರುಗಳನ್ನು ಗಾಜಿನ ಹೊರಗಿನಿಂದ ಓದಬಹುದಿತ್ತು. ಮಧ್ಯಾಹ್ನ ಎರಡಾದರೆ ಹುಡುಗಿಯರನ್ನು ಮನೆಗೆ ಕಳಿಸಿ ಗೇಟು ಹಾಕುತ್ತಿದ್ದರು. ತಂದೆತಾಯಿಗೆ ನಿಶ್ಚಿಂತೆ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳಿದರು. ಅಮ್ಮ 'ಹೌದೌದು' ಎಂದು ಎದ್ದು ಬಂದಳು.

ಮೂರನೆಯ ದಿನ ಗುಡ್ಡದ ಕಾಲೇಜು. ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಬೇಕು. ಹಳೆಯ ಸರ್ಕಾರಿ ಕಟ್ಟಡ, ಗೋಡೆಯ ಸುಣ್ಣ ಉದುರುತ್ತಿತ್ತು. ನಮ್ಮನ್ನು ಎದುರುಗೊಳ್ಳಲು ಯಾರೂ ಇರಲಿಲ್ಲ. ಅಮ್ಮ ಅಂಗಳದ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದ ವಿದ್ಯಾರ್ಥಿಗಳನ್ನು ಮಾತಾಡಿಸಿದಳು. ಪಾಠ ಅರ್ಥವಾಗದಿದ್ದರೆ ಯಾರ ಹತ್ತಿರ ಹೋಗುತ್ತೀರಿ ಎಂದು ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿದಳು. ನಾಲ್ಕು ಜನರಲ್ಲಿ ಮೂವರು ಒಂದೇ ಕೊಠಡಿಯ ಕಡೆ ಕೈ ತೋರಿಸಿದರು.

ಆ ಕೊಠಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಭೂವಿಜ್ಞಾನದ ಇಂದುಧರ ಮೇಷ್ಟ್ರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ತೊಳೆಯುತ್ತ ಕೂತಿದ್ದರು. ಗೋಡೆಯುದ್ದಕ್ಕೂ ಕಲ್ಲುಗಳು. ಅಮ್ಮ ನಮಸ್ಕಾರ ಹೇಳುವುದನ್ನೂ ಮರೆತು ಒಂದು ಕಪ್ಪು ಕಲ್ಲನ್ನು ಎತ್ತಿಕೊಂಡು ಗೆಣ್ಣಿನಿಂದ ಕುಟ್ಟಿದಳು. ಇನ್ನೊಂದನ್ನು ಕುಟ್ಟಿದಳು. ಎರಡನೆಯದನ್ನು ತೋರಿಸಿ, ಇದು ಬೀಸಲಿಕ್ಕೆ ಬರುವುದಿಲ್ಲ, ಹಿಟ್ಟಿನಲ್ಲಿ ಮರಳು ಬಿಡುತ್ತದೆ ಎಂದಳು. ಮೇಷ್ಟ್ರು ಬ್ರಷ್ ಕೆಳಗಿಟ್ಟರು. ಯಾಕೆ ಬಿಡುತ್ತದೆ ಎಂದು ಕೇಳಿದರು. ಅವಳು ತನಗೆ ತಿಳಿದಂತೆ ಹೇಳಿದಳು. ಅವರು ಅದೇ ಮಾತನ್ನು ಕಲ್ಲಿನೊಳಗಿನ ಕಾಳುಗಳ ಹೆಸರು ಹಿಡಿದು ಹೇಳಿದರು. ಒಂದು ಗಂಟೆ ಹೀಗೇ ನಡೆಯಿತು. ನಾನು ಸ್ಟೂಲಿನ ಮೇಲೆ ಕೂತು ಆಕಳಿಸುತ್ತಿದ್ದೆ. ಇಳಿಯುತ್ತ ಕೊನೆಯ ಮೆಟ್ಟಿಲಿನಲ್ಲಿ ಅಮ್ಮ, 'ಅದಕ್ಕೆಲ್ಲ ಹೆಸರಿದೆಯಂತೆ ಕಣೇ' ಎಂದಳು.

ಆ ಸಂಜೆ ದೊಡ್ಡಪ್ಪ ಬಂದು ಸುಮ್ಮನೆ ತಿಳಿಸತೊಡಗಿದಾಗ, ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

'ವನಜಾ ಗುಡ್ಡದ ಕಾಲೇಜಿಗೆ ಹೋಗ್ತಾಳೆ. ಭೂವಿಜ್ಞಾನ. ನಿಶ್ಚಯ ನಂದು.'

ಅಪ್ಪ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಡುವುದೋ ಕುಡಿಯುವುದೋ ತಿಳಿಯದೆ ಹಾಗೇ ಹಿಡಿದು ಕೂತರು. ದೊಡ್ಡಪ್ಪ ಮೆಲ್ಲಗೆ, ಗಿರಣಿಯ ಗತಿಯೇನು, ಅಡುಗೆಯ ಗತಿಯೇನು, ಮೂರು ವರ್ಷ ಎಂದರೆ ತಮಾಷೆಯೇ ಎಂದು ಒಂದೊಂದಾಗಿ ಕೇಳಿದರು. ಗಿರಣಿ ಸಂಜೆ ತಿರುಗುತ್ತದೆ, ಅಡುಗೆ ಒಂಬತ್ತರೊಳಗೆ ಆಗುತ್ತದೆ ಎಂದಳು ಅಮ್ಮ. ಆಡಿದ್ದನ್ನು ಹಿಂತೆಗೆದುಕೊಳ್ಳುವ ಹಾಗೂ ಇರಲಿಲ್ಲ. ನಮ್ಮೂರಿನಲ್ಲಿ ನಿಶ್ಚಯ ಎಂಬ ಮಾತು ಒಮ್ಮೆ ಬಾಯಿಂದ ಬಿದ್ದರೆ ಬಿದ್ದಂತೆಯೇ.

ನನಗೆ ಸಿಟ್ಟು ಬಂದಿತ್ತು. ಅವಳು ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಹೋಗಿ ಎದುರಿಗೆ ನಿಂತೆ.

'ನನ್ನ ಹೆಸರು ಹೇಳ್ಕೊಂಡು ನಿನಗೆ ಬೇಕಾದ ಕಾಲೇಜು ಆರಿಸ್ಕೊಂಡ್ಯಾ ಅಮ್ಮ?'

ಅವಳು ಜರಡಿ ನಿಲ್ಲಿಸಿದಳು. 'ಅರ್ಧ ಹೌದು' ಎಂದಳು. 'ಇನ್ನರ್ಧ, ನೀನು ಯಾವ್ದೂ ಹೇಳ್ಲಿಲ್ಲ. ನಿಂಗೆ ಏನಾದ್ರೂ ತೋಚಿದ ದಿನ ಹೇಳು, ನಾನು ಅಡ್ಡ ಬರಲ್ಲ.'

ಜೂನ್ ಮೊದಲ ಸೋಮವಾರ ಅವಳು ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದಾಗಲೇ ಒಂಬತ್ತು ಹೊಡೆಯಿತು. ಕಾಲು ತಿರುಗಿತು. ಸೌಟು ಕೈಯಲ್ಲಿದ್ದ ಹಾಗೆಯೇ ಅವಳು ಹೊಸಿಲು ದಾಟಿದಳು, ನಾನು ಇಬ್ಬರ ಚಪ್ಪಲಿಯನ್ನೂ ಹಿಡಿದು ಹಿಂದೆ ಓಡಿದೆ. ಒಂದು ವಾರದಲ್ಲಿ ಮನೆ ಹೊಂದಿಕೊಂಡಿತು. ಎಂಟೂ ಐವತ್ತಕ್ಕೆ ಒಲೆ ಆರುತ್ತಿತ್ತು. ಅಮ್ಮ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿ, ಬಾಗಿಲಿಗೆ ಮುಖ ಮಾಡಿ ನಿಂತಿರುತ್ತಿದ್ದಳು. ಹನ್ನೊಂದಕ್ಕೆ ಊರಿಗೆ ನೀರು ಬಿಟ್ಟು ಬಂದ ಅಪ್ಪ ಗಿರಣಿಯ ಬಾಗಿಲು ತೆಗೆಯುತ್ತಿದ್ದರು. ಮೊದಲ ತಿಂಗಳು ಅವರು ಬೀಸಿದ ರಾಗಿ ಹಿಟ್ಟು ತಂಬಿಟ್ಟಿಗೂ ಬರುವುದಿಲ್ಲ, ಮುದ್ದೆಗೂ ಬರುವುದಿಲ್ಲ ಎಂದು ಓಣಿಯ ಹೆಂಗಸರು ಆಡಿಕೊಂಡರು. ಎರಡನೆಯ ತಿಂಗಳು ಸುಮ್ಮನಾದರು.

ಕ್ಲಾಸಿನಲ್ಲಿ ಅಮ್ಮ ಹಿಂದಿನ ಬೆಂಚಿನಲ್ಲಿ ಒಂದೇ ದಿನ ಕೂತಳು. ಪಕ್ಕದ ಗೃಹಸ್ಥರ ಗೊರಕೆಯಲ್ಲಿ ಪಾಠ ಕೇಳಿಸಲಿಲ್ಲವೆಂದು ಮಾರನೆಯ ದಿನ ಮುಂದೆ ಬಂದು ನನ್ನ ಪಕ್ಕ ಕೂತಳು. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಳು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದಳು. ಕಿರುಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತಕ್ಕೆ ಹದಿನೆಂಟು ಬಂದಾಗ ನನಗೆ ಒಂಬತ್ತು ಬಂದಿತು. ಕಲ್ಲುಗಳು ನನ್ನ ಕಣ್ಣಿಗೆ ಕಲ್ಲುಗಳಾಗಿಯೇ ಉಳಿದವು.

ಫೆಬ್ರವರಿಯಲ್ಲಿ ಮೇಷ್ಟ್ರು ನಮ್ಮನ್ನು ಊರಾಚೆಯ ಕಲ್ಲುಕ್ವಾರಿಗೆ ಕರೆದುಕೊಂಡು ಹೋದರು. ಎಲ್ಲರೂ ಬಂಡೆಯ ಪದರ ಅಳೆಯುತ್ತಿದ್ದಾಗ, ಅಲ್ಲಿ ಕಲ್ಲು ಒಡೆಯುವ ಹೆಂಗಸೊಬ್ಬಳು ನನ್ನ ಕೈಗೆ ಒಂದು ಕಾಗದ ಕೊಟ್ಟು ಓದಿ ಹೇಳಲು ಬೇಡಿದಳು. ಎಂಟು ದಿನದಲ್ಲಿ ಅವರು ವಾಸವಿದ್ದ ಶೆಡ್ಡುಗಳನ್ನು ಖಾಲಿ ಮಾಡಬೇಕೆಂಬ ನೋಟಿಸು ಅದು. ಓದುತ್ತ ಹೋದಂತೆ ಕಾಗದದ ತಾರೀಕು ಒಂದು ತಿಂಗಳು ಹಿಂದಿನದು ಎಂಬುದು ಕಣ್ಣಿಗೆ ಬಿತ್ತು, ಇವರ ಕೈಗೆ ಬಂದದ್ದು ಮಾತ್ರ ಹಿಂದಿನ ದಿನ. ನಾನು ನೋಟ್‌ಬುಕ್ಕಿನ ಹಾಳೆ ಹರಿದು, ಗಡುವು ಮುಗಿದ ಮೇಲೆ ಕೈಗೆ ಬಂದ ನೋಟಿಸು ಲೆಕ್ಕಕ್ಕಿಲ್ಲ ಎಂದು ಉತ್ತರ ಬರೆದೆ. ಒಬ್ಬೊಬ್ಬರೂ ಎಷ್ಟು ವರ್ಷದಿಂದ ಅಲ್ಲಿದ್ದಾರೆಂದು ಕೇಳಿ ಬರೆದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಲೇ ಇಲ್ಲ. ಮೂರು ವಾರದ ಮೇಲೆ ಆ ಹೆಂಗಸು ಗಿರಣಿಯ ತನಕ ನಡೆದು ಬಂದು, ನೋಟಿಸು ವಾಪಸಾಯಿತು, ಯಾರೂ ಏಳಬೇಕಿಲ್ಲ ಎಂದು ಹೇಳಿಹೋದಳು. ಆ ದಿನ ನನ್ನ ಮೈಯಲ್ಲಿ ಓಡಿದ ಖುಷಿ ಎಂಥದೆಂದರೆ, ಅಮ್ಮ ಕಲ್ಲು ಕುಟ್ಟಿ ಶಬ್ದ ಕೇಳುವಾಗ ಅವಳ ಮುಖ ಯಾಕೆ ಹಾಗಾಗುತ್ತದೆ ಎಂದು ನನಗೆ ಅರ್ಥವಾಯಿತು.

ನನಗೆ ಕಾನೂನು ಓದಬೇಕಿತ್ತು. ಆದರೆ ಹೇಳಲಿಲ್ಲ. ನನಗಾಗಿ ಮಾಡಿದ ನಿಶ್ಚಯದಿಂದ ಅಮ್ಮನ ಕಾಲು ನಡೆಯುತ್ತಿತ್ತು. ನಾನೇ ಆ ಕಾಲೇಜು ಬಿಟ್ಟರೆ ಅವಳ ಕಾಲು ನಿಂತುಹೋಗಬಹುದಿತ್ತು. ಕಾಲು ಎಳೆಯುತ್ತದೆ, ಏನು ಮಾಡುವುದು ಎಂಬ ಒಂದೇ ಕಾರಣಕ್ಕೆ ಮನೆಯವರು, ಓಣಿಯವರು, ದೊಡ್ಡಪ್ಪ ಎಲ್ಲರೂ ಅವಳ ಓದನ್ನು ಸಹಿಸಿಕೊಂಡಿದ್ದರು. ಎಳೆಯುವ ಕಾಲು ಇಲ್ಲದ ಮೇಲೆ ಅವಳನ್ನು ಯಾರು ಬಿಡುತ್ತಾರೆ? ಹಾಗಾಗಿ ನಾನು ಹಲ್ಲು ಕಚ್ಚಿಕೊಂಡು ಖನಿಜಗಳ ಹೆಸರು ಬಾಯಿಪಾಠ ಮಾಡಿದೆ, ವರ್ಷದ ಪರೀಕ್ಷೆಯಲ್ಲಿ ಎರಡು ವಿಷಯದಲ್ಲಿ ಫೇಲಾದೆ.

ಅಮ್ಮನಿಗೆ ಗೊತ್ತಾದದ್ದು ನನ್ನ ಹಾಸಿಗೆಯ ಕೆಳಗೆ ಸಿಕ್ಕ ಕಾನೂನು ಪುಸ್ತಕದಿಂದ. ಅವಳು ನನ್ನ ಮೇಲೆ ಸಿಟ್ಟಾದದ್ದು ಕಡಿಮೆ. ಅಂದು ಮಾತ್ರ ಪುಸ್ತಕ ಹಿಡಿದು ಬಂದು ನನ್ನೆದುರು ನಿಂತಳು.

'ನನ್ನ ಓದಿಗೆ ನಿನ್ನನ್ನ ಗೂಟ ಮಾಡ್ಕೊಂಡಿದೀನಿ ಅಂತ ನಂಗೆ ಯಾಕೆ ಹೇಳ್ಲಿಲ್ಲ?'

ನಾನು ಭಯವನ್ನು ಹೇಳಿಕೊಂಡೆ. ಅವಳು ಕೇಳಿದ್ದು ಬೇರೆ ಸಂಗತಿ. ಕಾನೂನು ಕಾಲೇಜನ್ನು ಹೋಗಿ ನೋಡಿದೆಯಾ, ಅಲ್ಲಿ ಓದುವವರನ್ನು ಮಾತಾಡಿಸಿದೆಯಾ, ಅರ್ಥವಾಗದಿದ್ದರೆ ಯಾರನ್ನು ಕೇಳುತ್ತೀಯ, ಐದು ವರ್ಷ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುವುದಕ್ಕೆ ಎದ್ದೇಳುತ್ತೀಯಾ. ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದು ಎನ್ನಲಿಲ್ಲ. ಮಾತು ನನ್ನ ಬಾಯಿಂದಲೇ ಬರಬೇಕೆಂದು ಕಾಯುತ್ತಿದ್ದಳು. ನಾನು ಎರಡು ದಿನ ಆ ಕಾಲೇಜಿನಲ್ಲಿ ಅಲೆದು ಬಂದೆ. ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿಶ್ಚಯ ನನ್ನದು ಎಂದೆ.

ಮತ್ತೆ ಜೂನ್ ಮೊದಲ ಸೋಮವಾರ ಬಂತು. ಹೀಗೆ ನಡುವೆ ಬಿಟ್ಟವರು ಊರಿನಲ್ಲಿ ಇರಲಿಲ್ಲವಾದ್ದರಿಂದ ಏನಾಗುತ್ತದೆಂದು ನೋಡಲು ಎಂಟೂವರೆಗೇ ಜನ ಸೇರಿದ್ದರು. ಅಪ್ಪ ಎರಡು ಬೀದಿಗೆ ನೀರು ಬಿಡುವುದನ್ನು ತಡ ಮಾಡಿ ಬಂದಿದ್ದರು. ದೊಡ್ಡಪ್ಪ ಜಗುಲಿಯ ಮೇಲೆ ಕೂತಿದ್ದರು. ಅಮ್ಮ ಎಂದಿನಂತೆ ಚಪ್ಪಲಿ ಮೆಟ್ಟಿ, ಚೀಲ ಹಾಕಿಕೊಂಡು ಬಾಗಿಲಿಗೆ ಮುಖ ಮಾಡಿ ನಿಂತಳು.

ಒಂಬತ್ತು ಹೊಡೆಯಿತು. ಅಮ್ಮನ ಕಾಲು ಅಲುಗಲಿಲ್ಲ.

ಅಮ್ಮ ತಲೆ ಬಗ್ಗಿಸಿ ತನ್ನ ಪಾದಗಳನ್ನು ನೋಡುತ್ತಿದ್ದಳು. ದೊಡ್ಡಪ್ಪನೇ ಮೊದಲು ಉಸಿರುಬಿಟ್ಟು ಎದ್ದರು. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನಿಜವಾದ ಸಮಾಧಾನವೇ ಇತ್ತು. 'ಆಯ್ತಲ್ಲ ತಾಯಿ, ಬಿಡುಗಡೆ ಆಯ್ತು. ಇನ್ನು ಗಿರಣಿ ಬಾಗಿಲು ತೆಗಿ' ಎಂದರು.

ಅಮ್ಮ ತಲೆಯೆತ್ತಿದಳು. 'ಕಾಲಿಗೆ ಬಿಡುಗಡೆ ಆಯ್ತು ಭಾವ' ಎಂದಳು. 'ನಂಗೆ ಕ್ಲಾಸಿಗೆ ಹೊತ್ತಾಯ್ತು.'

ಹೊಸಿಲು ದಾಟಿದಳು. ಮೊದಲ ಹತ್ತು ಹೆಜ್ಜೆ ತಡೆತಡೆದು ಇಟ್ಟಳು, ಒಂದು ವರ್ಷ ಎಳೆಸಿಕೊಂಡು ನಡೆದ ಕಾಲನ್ನು ಈಗ ತಾನೇ ನಡೆಸಬೇಕಾಗಿತ್ತಲ್ಲ. ಓಣಿಯ ತಿರುವಿನ ಹೊತ್ತಿಗೆ ನಡಿಗೆ ನೆಟ್ಟಗಾಯಿತು. ಅಪ್ಪ ಇದ್ದಕ್ಕಿದ್ದಂತೆ ಸೈಕಲ್ ಹತ್ತಿ ಅವಳ ಹಿಂದೆ ಹೊರಟರು, ಮೆಟ್ಟಿಲಿನವರೆಗೆ ಅವಳ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ನಡೆದರಂತೆ. ಎರಡು ಬೀದಿಗೆ ಅಂದು ನೀರು ಬಂದದ್ದು ಮಧ್ಯಾಹ್ನ. ಯಾರೂ ದೂರು ಕೊಡಲಿಲ್ಲ.

ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ತಕರಾರು ತೆಗೆದರು. ಕಾಲು ತಂದವರಿಗೆ ಮಾತ್ರ ಅಂಕಪಟ್ಟಿ ಇಲ್ಲದೆ ಪ್ರವೇಶ, ಈಕೆಯನ್ನು ಈಗ ಕಾಲು ತಂದಿಲ್ಲ ಎಂಬುದು ಅವರ ವಾದ. ಇಂದುಧರ ಮೇಷ್ಟ್ರು ಹಾಜರಿ ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. ಹೆಸರಿಗೊಂದು, ಹಾಜರಿಗೊಂದು ಕಾಲಂ ಇದೆ, ಕಾಲಿಗೆ ಅಂತ ಎಲ್ಲಿದೆ ತೋರಿಸಿ ಎಂದರು. ಗುಮಾಸ್ತರು ಪುಟ ತಿರುವಿ ನೋಡಿ ಅಮ್ಮನ ಹೆಸರು ಬರೆದುಕೊಂಡರು.

ಮುಂದಿನ ಎರಡು ವರ್ಷ ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಹೊರಟು ಸೇತುವೆಯ ಹತ್ತಿರ ಬೇರೆಯಾಗುತ್ತಿದ್ದೆವು. ಅವಳು ಗುಡ್ಡದ ಕಡೆ, ನಾನು ಕೋರ್ಟಿನ ಪಕ್ಕದ ಕಾನೂನು ಕಾಲೇಜಿನ ಕಡೆ. ಜ್ವರ ಬಂದ ದಿನ ಅವಳು ರಜೆ ಹಾಕಿದಳು, ಎರಡು ದಿನ ಮಲಗಿ ಮೂರನೆಯ ದಿನ ಹೋದಳು. ಎಳೆಯುವ ಕಾಲಾಗಿದ್ದರೆ ಜ್ವರವನ್ನೂ ಕೇಳುತ್ತಿರಲಿಲ್ಲ, ಹಾಗಾಗಿ ಓಣಿಯವರಿಗೆ ಅವಳು ತನ್ನಿಷ್ಟದಿಂದಲೇ ಹೋಗುತ್ತಿದ್ದಾಳೆ ಎಂದು ಖಾತ್ರಿಯಾಯಿತು. ಮರುವರ್ಷದ ಮೇ ತಿಂಗಳಲ್ಲಿ ಗಿರಣಿಗೆ ಬಂದ ಹೆಂಗಸರು ಹಿಟ್ಟು ಬೀಸುವ ತನಕ ಕಾಯುತ್ತ, ಗುಡ್ಡದ ಕಾಲೇಜಿನಲ್ಲಿ ಲೆಕ್ಕ ಹೇಗೆ ಹೇಳಿಕೊಡುತ್ತಾರೆ, ಹತ್ತನೇ ಕ್ಲಾಸಿನವರು ಹಿಡಿಯಬಹುದೇ ಎಂದು ಕೇಳತೊಡಗಿದ್ದರು. ಮಕ್ಕಳಿಗಾಗಿ ಕೇಳುವವರ ಹಾಗೆ ಅವರು ಕಾಣಲಿಲ್ಲ. ಅಮ್ಮ ಯಾರಿಗೂ ಹೋಗು ಎನ್ನಲಿಲ್ಲ. ಮೂರು ದಿನ ಗಿರಣಿಗೆ ಬೀಗ ಹಾಕಿ ನೋಡಿಕೊಂಡು ಬನ್ನಿ ಎನ್ನುವ ಹಾಗಿರಲಿಲ್ಲ, ಎಲ್ಲರಿಗೂ ಗಿರಣಿ ಇರುವುದಿಲ್ಲವಲ್ಲ. ಒಂದು ದಿನವಾದರೂ ಹೋಗಿ, ನೀರಿನ ತೊಟ್ಟಿಯ ಹತ್ತಿರ ನಿಂತು ಹುಡುಗರನ್ನು ಕೇಳಿ ಎನ್ನುತ್ತಿದ್ದಳು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಬೇರೆ ಊರಿನಿಂದ ಪರೀಕ್ಷಕರು ಬಂದರು. ಬಿಗಿಯಾದ ಮನುಷ್ಯ. ನಮ್ಮೂರಿನ ರೀತಿ ಅವರಿಗೆ ಗೊತ್ತಿರಲಿಲ್ಲ. ನನ್ನ ಕಾಲೇಜಿಗೆ ಅಂದು ರಜೆಯಿತ್ತು, ನಾನು ಕಿಟಕಿಯ ಆಚೆ ನಿಂತಿದ್ದೆ. ಕಿವಿಯ ಹತ್ತಿರ ಹಿಟ್ಟು ಮೆತ್ತಿಕೊಂಡಿದ್ದ ಅಮ್ಮನನ್ನು ನೋಡಿ ಅವರು, ಪೋಷಕರು ಹೊರಗೆ ಕೂರಬೇಕು ಎಂದರು.

'ಪರೀಕ್ಷೆ ನಂದೇ ಸಾರ್' ಎಂದಳು ಅಮ್ಮ.

ಅವರು ಇಂದುಧರ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ತಲೆಯಾಡಿಸಿದರು. ಪರೀಕ್ಷೆಗೆಂದೇ ಬೀಗ ಹಾಕಿಟ್ಟ ಒಂದು ಪೆಟ್ಟಿಗೆಯಿತ್ತು, ವರ್ಷಕ್ಕೊಮ್ಮೆ ತೆಗೆಯುತ್ತಿದ್ದರು. ಒಳಗೆ ನಂಬರು ಅಂಟಿಸಿದ ಹತ್ತು ಕಲ್ಲುಗಳು, ಒಂದೊಂದರ ಕೆಳಗೂ ಪೆಟ್ಟಿಗೆಯ ತಳಕ್ಕೆ ಅಂಟಿಸಿದ ಹೆಸರಿನ ಚೀಟಿ. ಪ್ರತಿ ವರ್ಷದ ಹುಡುಗರೂ ಮುಂದಿನವರಿಗೆ ನಂಬರು ಹೇಳಿಕೊಟ್ಟು ಹೋಗುತ್ತಿದ್ದರು. ಬಿಳಿ ಕಲ್ಲು ಏಳನೆಯದು, ಅದು ಕ್ವಾರ್ಟ್‌ಜೈಟ್, ಕಣ್ಣು ಮುಚ್ಚಿ ಬರೆಯಬಹುದು ಎಂದು. ಪರೀಕ್ಷಕರ ಪಟ್ಟಿಯಲ್ಲೂ ಹಾಗೆಯೇ ಇತ್ತು.

ಪರೀಕ್ಷಕರು ಒಂದೊಂದಾಗಿ ತೆಗೆದು ಕೊಟ್ಟ ಕಲ್ಲುಗಳಲ್ಲಿ ಆರನ್ನು ಅಮ್ಮ ಸರಾಗವಾಗಿ ಹೇಳಿದಳು. ಏಳನೆಯದನ್ನು ತೆಗೆದುಕೊಂಡು ಗೆಣ್ಣಿನಿಂದ ಕುಟ್ಟಿ ನಿಂತುಬಿಟ್ಟಳು. ಮತ್ತೆ ಕುಟ್ಟಿದಳು. ಇದು ಕ್ವಾರ್ಟ್‌ಜೈಟ್ ಅಲ್ಲ ಎಂದಳು. ಪಟ್ಟಿಯಲ್ಲಿ ಅದೇ ಇದೆ ಎಂದು ಪರೀಕ್ಷಕರು ಬೆರಳಿಟ್ಟು ತೋರಿಸಿದರು. ಪಕ್ಕದ ಹುಡುಗ ಅವಳಿಗೆ ಕಣ್ಸನ್ನೆ ಮಾಡಿದ, ಒಪ್ಪಿಕೊಳ್ಳಿ ಎಂದು.

ಅಮ್ಮ ಮೇಜಿನ ಮೇಲಿದ್ದ ಕಬ್ಬಿಣದ ಮೊಳೆ ತೆಗೆದುಕೊಂಡು ಕಲ್ಲಿನ ಮೇಲೆ ಎಳೆದಳು. ಗೀರು ಬಿತ್ತು. ಕ್ವಾರ್ಟ್‌ಜೈಟ್ ಆಗಿದ್ದರೆ ಮೊಳೆಗೆ ಬಗ್ಗುತ್ತಿರಲಿಲ್ಲ ಎಂದಳು. ಆಮೇಲೆ ಆಮ್ಲದ ಸೀಸೆ ಕೇಳಿ ಒಂದೇ ಹನಿ ಬಿಟ್ಟಳು. ಹನಿ ಬಿದ್ದಲ್ಲಿ ಕಲ್ಲು ಸುಯ್ ಎಂದು ನೊರೆಗಟ್ಟಿತು. ಕೊಠಡಿಯಲ್ಲಿದ್ದ ಎಲ್ಲರೂ ಬಗ್ಗಿ ಆ ನೊರೆಯನ್ನು ನೋಡಿದರು.

'ಇದು ಅಮೃತಶಿಲೆ ಸಾರ್' ಎಂದಳು.

ಇಂದುಧರ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ವರ್ಷ ತಾವೂ ಪಟ್ಟಿ ನೋಡಿಯೇ ಅಂಕ ಕೊಟ್ಟದ್ದಾಗಿ ಎಲ್ಲರ ಎದುರಿಗೇ ಒಪ್ಪಿಕೊಂಡರು. ಪರೀಕ್ಷಕರು ಕಲ್ಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು, ಪಟ್ಟಿಯಲ್ಲಿದ್ದ ಹೆಸರನ್ನು ಪೆನ್ನಿನಿಂದ ಹೊಡೆದುಹಾಕಿದರು. ಆಮೇಲೆ ಬೀರುವಿನಿಂದ ಒಂದು ಹೊಸ ಚೀಟಿಯನ್ನೂ ಗೋಂದಿನ ಸೀಸೆಯನ್ನೂ ತರಿಸಿ ಅಮ್ಮನ ಮುಂದಿಟ್ಟರು. ಹೆಸರು ನೀವೇ ಬರೆಯಿರಿ ಎಂದರು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಅವಸರವಿಲ್ಲದೆ, ದುಂಡಗಿನ ಅಕ್ಷರದಲ್ಲಿ ಬರೆದಳು. ಪೆಟ್ಟಿಗೆಯ ತಳದ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಹೊಸದನ್ನು ಅಂಟಿಸಿ, ಹೆಬ್ಬೆರಳಿನಿಂದ ನಾಲ್ಕು ಮೂಲೆಯನ್ನೂ ಒತ್ತಿ, ಕಲ್ಲನ್ನು ಪೆಟ್ಟಿಗೆಯಲ್ಲಿ ಅದರ ಜಾಗಕ್ಕೆ ಇಟ್ಟಳು.

'ಎಂಟನೇದು ಕೊಡಿ ಸಾರ್' ಎಂದಳು.